ಒಂದು ಸುತ್ತಿಗೆ ಎಷ್ಟು ದೂರ?

ಸೈಕಲ್ಲಿಗೆ ಮೀಟರು ಹಾಕಿಕೊಂಡ ಬಹಳ ಮಂದಿಗೆ 2096 ಎಂಬ ಸಂಖ್ಯೆ ಗೊತ್ತಿರುತ್ತದೆ. ಹ್ಯಾಂಡಲ್ ಮೇಲೆ ಕೂರುವ, ಬೆಂಕಿಪೊಟ್ಟಣದ ಗಾತ್ರದ ಆ ಪುಟ್ಟ ಕಂಪ್ಯೂಟರು ಚಾಲೂ ಆದ ಕೂಡಲೇ ಚಕ್ರದ ಸುತ್ತಳತೆ ಕೇಳುತ್ತದೆ. ಡಬ್ಬಿಯಲ್ಲಿ ಹತ್ತು ಮಡಿಕೆಯಾಗಿ ಬಂದ ಕಾಗದ ಬಿಡಿಸಿ ಕೋಷ್ಟಕದ ಮೇಲೆ ಬೆರಳಾಡಿಸಿದರೆ 700×23ಸಿ ಟೈರಿನ ಮುಂದೆ 2096 ಮಿಲಿಮೀಟರ್ ಎಂದಿರುತ್ತದೆ. 25ರ ಟೈರಿಗೆ 2105, 28ಕ್ಕೆ 2136, 32ಕ್ಕೆ 2155. ಗುಂಡಿ ಒತ್ತಿ ಮುಗಿಸಿ ಕಾಗದವನ್ನು ಎಲ್ಲೋ ತುರುಕುತ್ತೇವೆ. ಆಮೇಲೆ ಟೈರು ಸವೆಯುತ್ತದೆ, ಬದಲಾಗುತ್ತದೆ, ಸವಾರ ದಪ್ಪಗಾಗುತ್ತಾನೆ, ಸಣ್ಣಗಾಗುತ್ತಾನೆ. ಮೀಟರಿನೊಳಗಿನ ಸಂಖ್ಯೆ ಮಾತ್ರ ಅಲ್ಲೇ ಕೂತಿರುತ್ತದೆ. ಭಾನುವಾರ ಬೆಳಿಗ್ಗೆ ಒಟ್ಟಿಗೆ ಹೊರಟು ಒಟ್ಟಿಗೆ ನಂದಿಬೆಟ್ಟದ ಬುಡ ಮುಟ್ಟಿದ ಮೂವರು ಟೀ ಕುಡಿಯುತ್ತ ನೋಡಿಕೊಂಡರೆ, ಮೂರು ಮೀಟರೂ ಮೂರು ಲೆಕ್ಕ ಹೇಳುತ್ತಿರುತ್ತವೆ.

ಈ ಯಂತ್ರಕ್ಕೆ ಕಿಲೋಮೀಟರ್ ಎಂದರೇನೆಂದು ಗೊತ್ತಿಲ್ಲ, ಎಣಿಸುವುದು ಮಾತ್ರ ಗೊತ್ತು. ಚಕ್ರದ ಒಂದು ಕಡ್ಡಿಗೆ ಸಣ್ಣ ಮ್ಯಾಗ್ನೆಟ್ ಸಿಕ್ಕಿಸಿರುತ್ತಾರೆ, ಅದರ ಎದುರಿಗೆ ಫೋರ್ಕಿನ ಮೇಲೆ ಸೆನ್ಸರ್ ಕಟ್ಟಿರುತ್ತಾರೆ. ಸೆನ್ಸರಿನೊಳಗೆ ಒಂದು ಗಾಜಿನ ಕೊಳವೆ, ಅದರಲ್ಲಿ ತಾಗಿಯೂ ತಾಗದಂತಿರುವ ಎರಡು ಲೋಹದ ಪಟ್ಟಿ. ಮ್ಯಾಗ್ನೆಟ್ ಎದುರಿಗೆ ಬಂದಾಗ ಪಟ್ಟಿಗಳು ಕೂಡುತ್ತವೆ, ದಾಟಿದಾಗ ಬಿಡುತ್ತವೆ. ಅಲ್ಲಿಗೆ ಒಂದು ಸುತ್ತು. ಒಟ್ಟು ಸುತ್ತನ್ನು ನಾವು ಕೊಟ್ಟ ಸಂಖ್ಯೆಯಿಂದ ಗುಣಿಸಿದರೆ ದೂರ, ಆ ಸಂಖ್ಯೆಯನ್ನೇ ಎರಡು ಸುತ್ತುಗಳ ನಡುವಿನ ಸಮಯದಿಂದ ಭಾಗಿಸಿದರೆ ವೇಗ. ಸಂಖ್ಯೆ ಶೇಕಡಾ ಒಂದು ತಪ್ಪಿದರೆ ದೂರ, ವೇಗ, ಸರಾಸರಿ ಎಲ್ಲವೂ ಶೇಕಡಾ ಒಂದು ತಪ್ಪುತ್ತವೆ. ಸುಮಾರು 2100 ಮಿಲಿಮೀಟರಿನ ಚಕ್ರದಲ್ಲಿ ಒಂದು ಮಿಲಿಮೀಟರ್ ಏರುಪೇರಾದರೆ 100 ಕಿಲೋಮೀಟರಿಗೆ 48 ಮೀಟರ್ ಹೋಯಿತು. ಅಷ್ಟು ಹೋದರೆ ಹೋಗಲಿ. ಆದರೆ 23ರ ಟೈರು ತೆಗೆಸಿ 28ರದ್ದು ಹಾಕಿಸಿ, ಮೀಟರಿನಲ್ಲಿ 2096 ಹಾಗೆಯೇ ಬಿಟ್ಟವರು 100 ಕಿಲೋಮೀಟರ್ ತುಳಿದಾಗ ಅದು 98ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆವರು ಹರಿಸಿ ಗಳಿಸಿದ ಎರಡು ಕಿಲೋಮೀಟರ್ ಲೆಕ್ಕಕ್ಕೇ ಬರುವುದಿಲ್ಲ.

ಸುತ್ತು ಎಣಿಸಿ ದೂರ ತಿಳಿಯುವ ಉಪಾಯ ಸೈಕಲ್ಲಿಗಿಂತ ಬಹಳ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮಿನ ವಿಟ್ರೂವಿಯಸ್ ತನ್ನ ವಾಸ್ತು ಗ್ರಂಥದಲ್ಲಿ ಇಂಥದೊಂದು ಗಾಡಿಯನ್ನು ವರ್ಣಿಸಿದ್ದಾನೆ. ಸುತ್ತಿಗೆ ಹನ್ನೆರಡೂವರೆ ಅಡಿ ಹೋಗುವ ಚಕ್ರ, 400 ಸುತ್ತಿಗೆ 5000 ಅಡಿ, ಅಂದರೆ ಒಂದು ರೋಮನ್ ಮೈಲಿ. ಮೈಲಿಗೊಂದು ಕಲ್ಲು ಕಂಚಿನ ಪಾತ್ರೆಗೆ ಠಣ್ ಎಂದು ಬೀಳಬೇಕು. ಸೈಕಲ್ಲಿಗೆ ಈ ಉಪಾಯವನ್ನು ಚೆನ್ನಾಗಿ ಹೊಂದಿಸಿದವನು ಅಮೆರಿಕದ ಕರ್ಟಿಸ್ ವೀಡರ್, 1895ರಲ್ಲಿ. ಕಡ್ಡಿಗೆ ಕಟ್ಟಿದ ಮೊಳೆ ಪ್ರತಿ ಸುತ್ತಿಗೂ ಒಂದು ನಕ್ಷತ್ರಾಕಾರದ ಹಲ್ಲುಗಾಲಿಯನ್ನು ಟಕ್ಕೆಂದು ತಟ್ಟುತ್ತಿತ್ತು, ಅಂಕಿಗಳು ಉರುಳುತ್ತಿದ್ದವು. ಆಗ ಸುತ್ತಳತೆ ತುಂಬುವ ತಾಪತ್ರಯವಿರಲಿಲ್ಲ. 26 ಇಂಚಿನ ಚಕ್ರಕ್ಕೆ ಒಂದು, 28 ಇಂಚಿನದಕ್ಕೆ ಇನ್ನೊಂದು ಎಂದು ಮೀಟರನ್ನೇ ಬೇರೆ ಬೇರೆ ಮಾಡಿ ಮಾರುತ್ತಿದ್ದರು. ಸಂಖ್ಯೆಯನ್ನು ನಾವೇ ತುಂಬಬೇಕಾಗಿ ಬಂದದ್ದು 1980ರ ದಶಕದಲ್ಲಿ ಎಲೆಕ್ಟ್ರಾನಿಕ್ ಮೀಟರುಗಳು ಬಂದಮೇಲೆ. ತಪ್ಪು ಮಾಡುವ ಅವಕಾಶವೂ ಆಗಲೇ ನಮ್ಮ ಕೈಗೆ ಬಂತು.

ಮೊದಲ ತಪ್ಪು ಆಗುವುದು ಹೆಸರಿನಲ್ಲಿ. 700ಸಿ ಎಂಬ ಚಕ್ರದಲ್ಲಿ 700 ಮಿಲಿಮೀಟರ್ ಇರುವ ಜಾಗವನ್ನು ಹುಡುಕಿದರೆ ಸಿಗುವುದು ಕಷ್ಟ. ಅದು ಹಳೆಯ ಫ್ರೆಂಚ್ ಪದ್ಧತಿಯಲ್ಲಿ ಟೈರಿನ ಹೊರವ್ಯಾಸಕ್ಕಿದ್ದ ಅಂದಾಜು. ಟೈರು ಸಪೂರವಾಯಿತು, ಹೆಸರು ಉಳಿಯಿತು. ನಿಜವಾಗಿ ಬದಲಾಗದೆ ಉಳಿದದ್ದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, 622 ಮಿಲಿಮೀಟರ್. ಮೌಂಟನ್ ಬೈಕಿನವರು 29 ಎಂದು ಕರೆಯುವುದೂ ಇದೇ 622ರ ರಿಮ್ಮನ್ನು. ಜರ್ಮನಿಯವರು ಇದನ್ನೇ 28 ಇಂಚು ಎನ್ನುತ್ತಾರೆ. ನಮ್ಮ ಅಪ್ಪಂದಿರು ಹಾಲಿನ ಕ್ಯಾನು ನೇತುಹಾಕಿಕೊಂಡು ಓಡಿಸುತ್ತಿದ್ದ ಕರಿ ಸೈಕಲ್ಲಿನದೂ 28 ಇಂಚೇ, 28×1½. ಆದರೆ ಅದರ ರಿಮ್ಮು 635. ಎರಡನ್ನೂ 28 ಎಂದು ನಂಬಿ ಕೋಷ್ಟಕ ನೋಡಿದರೆ ವ್ಯಾಸದ 13 ಮಿಲಿಮೀಟರಿಗೆ ಸುತ್ತಳತೆಯಲ್ಲಿ 41 ಮಿಲಿಮೀಟರ್ ಹೆಚ್ಚುಕಡಿಮೆ, ಹತ್ತಿರ ಹತ್ತಿರ ಶೇಕಡಾ ಎರಡು.

26 ಇಂಚಿನ ಗೊಂದಲ ಇದಕ್ಕೂ ಮಿಗಿಲು. 26×1⅜ ಎಂದು ಭಿನ್ನರಾಶಿಯಲ್ಲಿ ಬರೆದಿದ್ದರೆ ರಿಮ್ಮು 590. 26×1.375 ಎಂದು ದಶಮಾಂಶದಲ್ಲಿ ಬರೆದಿದ್ದರೆ 559. ಒಂದೂ ಮೂರೆಂಟಾಂಶ ಮತ್ತು ಒಂದು ದಶಮಾಂಶ ಮೂರು ಏಳು ಐದು ಎರಡೂ ಒಂದೇ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಸೈಕಲ್ ಅಂಗಡಿಯಲ್ಲಿ ಆ ಗಣಿತ ನಡೆಯುವುದಿಲ್ಲ, ಟೈರು ರಿಮ್ಮಿಗೆ ಕೂರುವುದೇ ಇಲ್ಲ. ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008) ಟೈರಿನ ಅಳತೆಗಳ ಈ ಕಗ್ಗಂಟನ್ನು ಬಿಡಿಸಿ ಹೇಳುವುದಕ್ಕೆಂದೇ ಬಹಳ ಬರೆದ. ಪರಿಹಾರ ಟೈರಿನ ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ಉಬ್ಬಿಕೊಂಡಿರುತ್ತದೆ: 28-622, 37-590, 40-635, ಹೀಗೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವುದು ಇದನ್ನೇ. ಇಂಚಿನ ಅಂಕಿಯ ಮೇಲೆ ಕೈಯಿಟ್ಟು ಮುಚ್ಚಿ ಇದೊಂದನ್ನೇ ಓದಿದರೆ ಅರ್ಧ ಜಗಳ ಮುಗಿಯಿತು.

ಈ ಎರಡು ಅಂಕಿ ಸಿಕ್ಕರೆ ಕೋಷ್ಟಕವಿಲ್ಲದೆಯೂ ಲೆಕ್ಕ ಹಾಕಬಹುದು. ಅಗಲವನ್ನು ಇಮ್ಮಡಿಸಿ ವ್ಯಾಸಕ್ಕೆ ಕೂಡಿಸಿ ಪೈ ಇಂದ ಗುಣಿಸಿದರಾಯಿತು. 28-622 ಟೈರಿಗೆ 678 ಗುಣಿಸು 3.1416, ಅಂದರೆ 2130. ಕೋಷ್ಟಕದ 2136ಕ್ಕೂ ಇದಕ್ಕೂ ಆರು ಮಿಲಿಮೀಟರ್ ವ್ಯತ್ಯಾಸ. ಟೈರು ಅಗಲವಿದ್ದಷ್ಟೇ ಎತ್ತರವೂ ಇದೆ ಎಂಬುದು ಈ ಲೆಕ್ಕದ ನಂಬಿಕೆ, ಅದು ಪೂರ್ತಿ ನಿಜವಲ್ಲ. 25 ಎಂದು ಬರೆದ ಟೈರನ್ನು ಈಗಿನ ಅಗಲದ ರಿಮ್ಮಿಗೆ ಏರಿಸಿ ಅಳೆದರೆ 27, 28 ಬರುವುದೂ ಉಂಟು. ಕೆಲವು ಮೀಟರುಗಳು ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಮಾತ್ರ ತೆಗೆದುಕೊಳ್ಳುತ್ತವೆ. ಅವುಗಳಲ್ಲಿ 2096 ಹೋಗಿ 210 ಆದಾಗಲೇ 100 ಕಿಲೋಮೀಟರಿಗೆ 200 ಮೀಟರ್ ಹೆಚ್ಚು. ಅಂಥ ಮೀಟರು ಇಟ್ಟುಕೊಂಡು ಮಿಲಿಮೀಟರಿಗಾಗಿ ಕಾದಾಡುವುದರಲ್ಲಿ ಅರ್ಥವಿಲ್ಲ.

ಟೈರಿಗೇ ಟೇಪು ಸುತ್ತಿ ಅಳೆಯುವವರಿದ್ದಾರೆ. ದರ್ಜಿಯ ಟೇಪು ಒಂದೂವರೆ ಮೀಟರಿಗೆ ಮುಗಿದುಹೋಗುತ್ತದೆ, ಹಳತಾದರೆ ಎಳೆದಷ್ಟೂ ಬರುತ್ತದೆ. ದಾರ ಸುತ್ತಿ ಆಮೇಲೆ ದಾರವನ್ನು ಅಳೆದರೆ ದಾರವೂ ಹಿಗ್ಗುತ್ತದೆ. ಇವೆಲ್ಲ ಸರಿಯಾಗಿಯೇ ಆಯಿತೆನ್ನಿ, ಆಗಲೂ ಸಿಕ್ಕಿದ್ದು ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಅಳತೆ. ಮೀಟರಿಗೆ ಬೇಕಾಗಿರುವುದು ಮೇಲೊಬ್ಬ ಕೂತಾಗ ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಎಂಬುದು.

ಅದನ್ನು ತಿಳಿಯಲು ಉರುಳಿಸಿಯೇ ನೋಡಬೇಕು. ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಹಳದಿ ಗೆರೆಯ ಪಕ್ಕ ನಾನು ಮಾಡಿದ್ದು ಹೀಗೆ. ಮೊದಲು ದಿನವೂ ಹೊಡೆಯುವಷ್ಟೇ ಗಾಳಿ ಹೊಡೆದೆ, 80 ಪಿಎಸ್‌ಐ. ಎಲೆ ಅಡಿಕೆಯ ತಟ್ಟೆಯಿಂದ ಸುಣ್ಣ ತೆಗೆದು, ವಾಲ್ವಿನ ನೇರಕ್ಕೆ ಮುಂದಿನ ಟೈರಿನ ನಡುಬೆನ್ನಿಗೆ ಒಂದು ಬೊಟ್ಟು ಇಟ್ಟೆ. ಸೀಮೆಸುಣ್ಣ ರಬ್ಬರಿನ ಮೇಲೆ ನಿಲ್ಲುವುದಿಲ್ಲ, ಎಲೆಸುಣ್ಣ ಒಂದೆರಡು ಸುತ್ತು ನೆಲಕ್ಕೆ ಅಚ್ಚೊತ್ತುತ್ತದೆ. ಬೆನ್ನಿಗೆ ಬ್ಯಾಗು, ನೀರಿನ ಬಾಟಲಿ ಎಲ್ಲ ಹಾಕಿಕೊಂಡು ಏರಿ ಕೂತೆ. ಅಕ್ಕನ ಮಗ ಸೀಟಿನ ಹಿಂದೆ ಹಿಡಿದು ಮೆಲ್ಲಗೆ ನೂಕಿದ. ಮೊದಲ ಸಲ ಹಾವಿನಂತೆ ಹೋಯಿತು. ನಿಧಾನವಾಗಿ ಹೋಗುವಾಗ ಮುಂಚಕ್ರ ಅತ್ತಿತ್ತ ವಾಲುತ್ತದೆ, ಆಗ ಚುಕ್ಕೆಗಳ ನಡುವಿನ ನೇರ ದೂರ ಚಕ್ರ ನಡೆದ ದಾರಿಗಿಂತ ಕಡಿಮೆ ಬರುತ್ತದೆ. "ಮಾಮ, ಕಾಲು ನೋಡಬೇಡಿ, ಗೋಡೆ ನೋಡ್ಕೊಂಡು ಬನ್ನಿ" ಅಂದ. ಗೋಡೆ ನೋಡಿಕೊಂಡು ಬಂದೆ. ನೆಲದ ಮೇಲೆ ಸಾಲಾಗಿ ಮೂರು ಬಿಳಿ ಚುಕ್ಕೆ ಬಿದ್ದವು.

ಮೊದಲನೆಯ ಚುಕ್ಕೆಯಿಂದ ಮೂರನೆಯದಕ್ಕೆ ಬಡಗಿಯ ಐದು ಮೀಟರಿನ ಉಕ್ಕಿನ ಟೇಪು ಹಿಡಿದೆವು. ಈ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಅದು ಕೆಟ್ಟಿದೆಯೆಂದಲ್ಲ; ಒಳಗೆ ಒತ್ತಿ ಅಳೆದಾಗಲೂ ಹೊರಗೆ ಸಿಕ್ಕಿಸಿ ಅಳೆದಾಗಲೂ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಬಾರದಿರಲೆಂದು ಹಾಗೆ ಮಾಡಿರುತ್ತಾರೆ. ನೆಲದ ಚುಕ್ಕೆಗೆ ಕೊಕ್ಕೆಯಿಂದ ಉಪಯೋಗವಿಲ್ಲ, ಆದ್ದರಿಂದ 100 ಮಿಲಿಮೀಟರಿನ ಗೆರೆಯನ್ನು ಚುಕ್ಕೆಗಿಟ್ಟು ಕಡೆಗೆ 100 ಕಳೆಯಬೇಕು. (ಕಳೆಯಲು ಮರೆತು, ನನ್ನ ಚಕ್ರ ಇದ್ದಕ್ಕಿದ್ದಂತೆ ಬೆಳೆದಿದ್ದೂ ಉಂಟು.) ಎರಡು ಸುತ್ತಿಗೆ 4242, ಒಂದಕ್ಕೆ 2121. ಎರಡು ಸುತ್ತು ಅಳೆದು ಅರ್ಧ ಮಾಡಿದರೆ ಕಣ್ಣಳತೆಯ ತಪ್ಪೂ ಅರ್ಧವಾಗುತ್ತದೆ. ಮತ್ತೆ ಎರಡು ಸಲ ಮಾಡಿದಾಗ ಒಂದೆರಡು ಮಿಲಿಮೀಟರ್ ಆಚೀಚೆ ಅದೇ ಬಂತು. 28ರ ಇದೇ ಟೈರಿಗೆ ಕೋಷ್ಟಕ ಕೊಟ್ಟದ್ದು 2136. ಆಮೇಲೆ ಕುತೂಹಲಕ್ಕೆ ಗಾಳಿ ಬಿಟ್ಟು 50ಕ್ಕೆ ಇಳಿಸಿ ಉರುಳಿಸಿದೆವು. 2113 ಬಂತು. ಟೈರು ಅದೇ, ಸವಾರ ಅವನೇ, ಅದೇ ಮಧ್ಯಾಹ್ನ.

ಇಲ್ಲಿ ಒಂದು ವಿಚಿತ್ರವಿದೆ. ಭಾರ ಬಿದ್ದಾಗ ಟೈರಿನ ತಳ ನಾಲ್ಕು ಮಿಲಿಮೀಟರ್ ಚಪ್ಪಟೆಯಾಗುತ್ತದೆ ಎಂದುಕೊಳ್ಳೋಣ. ಅಚ್ಚು ನೆಲಕ್ಕೆ ನಾಲ್ಕು ಮಿಲಿಮೀಟರ್ ಹತ್ತಿರವಾಯಿತು, ತ್ರಿಜ್ಯ ಅಷ್ಟು ಕಡಿಮೆಯಾಯಿತು, ಹಾಗಾದರೆ ಸುತ್ತಳತೆ 25 ಮಿಲಿಮೀಟರ್ ಇಳಿಯಬೇಕು. ಉರುಳಿಸಿ ನೋಡಿದರೆ ಅಷ್ಟು ಇಳಿಯುವುದಿಲ್ಲ. ಬುಲ್ಡೋಜರಿನ ಚೈನು ನೆನೆಸಿಕೊಂಡರೆ ಕಾರಣ ತಿಳಿಯುತ್ತದೆ. ಒಳಗಿನ ಗಾಲಿಗಳು ಎಷ್ಟೇ ಎತ್ತರದಲ್ಲಿರಲಿ, ಚೈನು ಒಂದು ಪೂರ್ತಿ ಸುತ್ತು ಬಂದರೆ ಗಾಡಿ ಮುಂದೆ ಹೋಗುವುದು ಚೈನಿನ ಉದ್ದದಷ್ಟು. ಸೈಕಲ್ ಟೈರಿನ ಮೈಯಲ್ಲಿರುವ ನೂಲೂ ಸುಲಭಕ್ಕೆ ಹಿಗ್ಗುವ, ಕುಗ್ಗುವ ಜಾತಿಯದಲ್ಲ. ಅದು ಗಟ್ಟಿ ಗಾಲಿಯೂ ಅಲ್ಲ, ಬರೀ ಚೈನೂ ಅಲ್ಲ, ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಆದ್ದರಿಂದ ಅಚ್ಚಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಎರಡು ಪೈ ಇಂದ ಗುಣಿಸುವವರಿಗೆ ಸಂಖ್ಯೆ ಕಡಿಮೆ ಸಿಗುತ್ತದೆ, ಖಾಲಿ ಟೈರಿಗೆ ಟೇಪು ಸುತ್ತುವವರಿಗೆ ಹೆಚ್ಚು ಸಿಗುತ್ತದೆ. ಇನ್ನೊಂದು ಮಾತು: ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ. ಮ್ಯಾಗ್ನೆಟ್ ಯಾವ ಚಕ್ರದಲ್ಲಿದೆಯೋ ಅದನ್ನೇ ಉರುಳಿಸಿ ಅಳೆಯಬೇಕು. ಟೈರು ಒಂದು ಮಿಲಿಮೀಟರ್ ಸವೆದರೆ ಸುತ್ತಿಗೆ ಆರು ಮಿಲಿಮೀಟರ್ ಹೋಗುವುದೂ ಲೆಕ್ಕದಲ್ಲಿರಲಿ.

ನೆಲಮಹಡಿಯ ಎರಡು ಸುತ್ತು ಸಾಲದೆನ್ನುವವರು ರಸ್ತೆಗೆ ಇಳಿಯುತ್ತಾರೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಲೆಕ್ಕದಲ್ಲಿ ಹತ್ತು ಕಿಲೋಮೀಟರ್ ಹೋದಾಗ ಮೀಟರು 10.12 ತೋರಿಸಿದರೆ, ಒಳಗಿನ ಸಂಖ್ಯೆಯನ್ನು ಹತ್ತರಿಂದ ಗುಣಿಸಿ 10.12ರಿಂದ ಭಾಗಿಸಬೇಕು, 2136 ಇದ್ದದ್ದು 2111 ಆಗುತ್ತದೆ. ಲೆಕ್ಕ ಸರಿ, ಕಲ್ಲಿನ ಮೇಲೆ ನನಗೆ ನಂಬಿಕೆಯಿಲ್ಲ. ರಸ್ತೆ ಅಗಲ ಮಾಡುವಾಗ ಹಳದಿ ತಲೆಯ ಕಲ್ಲನ್ನು ಕಿತ್ತು ಆಮೇಲೆ ಅನುಕೂಲವಾದ ಕಡೆ ನೆಟ್ಟಿರುತ್ತಾರೆ. ತಿರುವು ನೇರ ಮಾಡಿದಲ್ಲಿ ದೂರ ಕಡಿಮೆಯಾಗಿರುತ್ತದೆ, ಅಂಕಿ ಹಳೆಯದೇ ಇರುತ್ತದೆ. ಒಂದೆರಡು ಕಲ್ಲಿನ ಅಂತರ ನಂಬದೆ ಇಪ್ಪತ್ತು ಮೂವತ್ತರ ಒಟ್ಟು ಹಿಡಿದರೆ ಸ್ವಲ್ಪ ವಾಸಿ. ಕ್ರೀಡಾಂಗಣದ 400 ಮೀಟರ್ ಟ್ರ್ಯಾಕು ಹೆಚ್ಚು ನಂಬಿಕಸ್ಥ ಅನ್ನಿಸುತ್ತದೆ, ಆದರೆ ಆ 400 ಇರುವುದು ಒಳ ಅಂಚಿನ ಕಟ್ಟೆಯಿಂದ 30 ಸೆಂಟಿಮೀಟರ್ ಆಚೆಗಿನ ಗೆರೆಯಲ್ಲಿ. ಅದಕ್ಕಿಂತ ಅರ್ಧ ಮೀಟರ್ ಹೊರಗೆ ಸುತ್ತಿದರೆ ಒಂದು ಸುತ್ತಿಗೆ ಮೂರು ಮೀಟರ್ ಜಾಸ್ತಿ, ಅಂದರೆ ನಾವು ಸರಿಮಾಡಹೊರಟ ತಪ್ಪಿನಷ್ಟೇ ದೊಡ್ಡ ಇನ್ನೊಂದು ತಪ್ಪು. ಸಿಂಥೆಟಿಕ್ ಟ್ರ್ಯಾಕಿಗೆ ಸೈಕಲ್ಲನ್ನು ಬಿಟ್ಟುಕೊಡುವ ಕಾವಲುಗಾರ ಸಿಗುವುದೂ ಅನುಮಾನ.

ಜಿಪಿಎಸ್ ಬಂದಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಉತ್ತರ ಕೊಡಬೇಕಲ್ಲ. ಜಿಪಿಎಸ್ ಕಂಪ್ಯೂಟರು ಸಾಮಾನ್ಯವಾಗಿ ಸೆಕೆಂಡಿಗೊಂದು ಚುಕ್ಕೆ ಇಟ್ಟು, ಚುಕ್ಕೆಗಳ ನಡುವೆ ನೇರ ಗೆರೆ ಎಳೆದು ಕೂಡಿಸುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹತ್ತು ಮೀಟರಿಗೊಂದು ಚುಕ್ಕೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ಅದು ಬಾಗಿದ ದಾರಿಯನ್ನು ಅಡ್ಡ ಕತ್ತರಿಸಿ ಕಡಿಮೆ ತೋರಿಸುತ್ತದೆ. ಅದೇ ಘಾಟಿಯನ್ನು ಏದುಸಿರು ಬಿಡುತ್ತ ಹತ್ತುವಾಗ, ಮರಗಳ ದಟ್ಟಣೆಯಡಿ ಚುಕ್ಕೆಗಳು ಆಚೀಚೆ ಕುಣಿದು ಹೆಚ್ಚು ತೋರಿಸುವುದೂ ಇದೆ. ಮಿಗಿಲಾಗಿ, ಆ ಕ್ಷಣದ ವೇಗ ಹೇಳುವುದರಲ್ಲಿ ಚಕ್ರದ ಎಣಿಕೆಗೆ ಅದು ಸಾಟಿಯಲ್ಲ. ಹಾಗಾಗಿ ಈಗಿನವರು ಎರಡನ್ನೂ ಕೂಡಿಸಿದ್ದಾರೆ. ಹಬ್ಬಿಗೆ ಕಟ್ಟುವ, ಮ್ಯಾಗ್ನೆಟ್ಟೇ ಬೇಡದ ಸೆನ್ಸರುಗಳು ಸುತ್ತು ಎಣಿಸುತ್ತವೆ, ಜಿಪಿಎಸ್ ಒಂದಷ್ಟು ದೂರ ನೋಡಿ ಸುತ್ತಳತೆಯನ್ನು ತಾನೇ ಕಂಡುಕೊಂಡು ತುಂಬುತ್ತದೆ. ಇದು ಒಳ್ಳೆಯ ಏರ್ಪಾಡು, ಕಲಿಸುವ ಸವಾರಿಯನ್ನು ತೆರೆದ ಆಕಾಶದ ನೇರ ರಸ್ತೆಯಲ್ಲಿ ಮಾಡಿದರೆ.

ಸುತ್ತಳತೆ ತಿದ್ದಲು ಹೊರಡುವ ಮೊದಲು ತಪ್ಪು ಅದರದ್ದೇ ಹೌದೇ ಎಂದು ನೋಡುವುದು ಜಾಣತನ. ಸುತ್ತಳತೆಯ ತಪ್ಪು ಹಟವಾದಿ. ಪ್ರತಿ ಸವಾರಿಯಲ್ಲೂ ಅದೇ ಶೇಕಡಾವಾರು. ಒಂದು ದಿನ ಸರಿ, ಒಂದು ದಿನ ಎಂಟು ಕಿಲೋಮೀಟರ್ ಕಡಿಮೆ ಎಂದಾದರೆ ಅದು ಮ್ಯಾಗ್ನೆಟ್ಟಿನ ಕೆಲಸ. ನನ್ನ ಮೀಟರು ಒಮ್ಮೆ ಇಳಿಜಾರಿನಲ್ಲಿ 40 ದಾಟಿದ ಕೂಡಲೇ ಸೊನ್ನೆಗೆ ಬೀಳತೊಡಗಿತು. ನಾನು ಸಂಖ್ಯೆ ತಿದ್ದಿದ್ದೇ ತಿದ್ದಿದ್ದು. ಕಡೆಗೆ ಪಂಚರ್ ಅಂಗಡಿಯ ಹುಡುಗ ಚಕ್ರ ತಿರುಗಿಸಿ ನೋಡಿ, ಗುಂಡಿಗೆ ಬಿದ್ದ ಹೊಡೆತಕ್ಕೆ ಓರೆಯಾಗಿದ್ದ ಮ್ಯಾಗ್ನೆಟ್ಟನ್ನು ಬೆರಳಲ್ಲೇ ನೆಟ್ಟಗೆ ಮಾಡಿ ಕಳಿಸಿದ. ಸೆನ್ಸರಿಗೂ ಅದಕ್ಕೂ ಐದು ಮಿಲಿಮೀಟರಿಗಿಂತ ಹೆಚ್ಚು ಸಂದು ಇರದಿದ್ದರೆ ಒಳ್ಳೆಯದು.

ಇಷ್ಟೆಲ್ಲ ಯಾರಿಗೆ ಬೇಕು? ಆಫೀಸಿಗೆ ಹೋಗಿಬರುವವರಿಗೆ ಕೋಷ್ಟಕದ ಸಂಖ್ಯೆ ಧಾರಾಳವಾಗಿ ಸಾಕು, ಟೈರಿನ ಪಕ್ಕದ ಅಂಕಿ ಓದಿ ಸರಿಯಾದ ಸಾಲು ಹಿಡಿದಿದ್ದರೆ. ತನ್ನ ಸರಾಸರಿಯನ್ನು ಕಳೆದ ತಿಂಗಳಿನದಕ್ಕೆ ಹೋಲಿಸುವವರಿಗೆ ಸಂಖ್ಯೆ ಸ್ವಲ್ಪ ತಪ್ಪಿದ್ದರೂ ನಡೆಯುತ್ತದೆ, ನಡುವೆ ಬದಲಾಯಿಸದಿದ್ದರೆ ಸಾಕು. ಅದಕ್ಕಿಂತ ಪ್ರತಿ ವಾರ ಒಂದೇ ಗಾಳಿ ಹೊಡೆಯುವುದು ಮುಖ್ಯ. ಬ್ರೆವೆ ಎಂಬ ದೂರದ ಸೈಕಲ್ ಸವಾರಿಗಳಿಗೆ ಹೋಗುವವರ ಮಾತು ಬೇರೆ. 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕಾದ ಆ ಸವಾರಿಗಳಲ್ಲಿ ಇಷ್ಟನೆಯ ಕಿಲೋಮೀಟರಿಗೆ ಎಡಕ್ಕೆ ತಿರುಗಿ ಎಂದು ಬರೆದ ಹಾಳೆಯೇ ಬಹುಕಾಲ ದಾರಿದೀಪವಾಗಿತ್ತು. ಶೇಕಡಾ ಒಂದು ತಪ್ಪಿದ ಮೀಟರಿಗೆ ಕಡೆಯಲ್ಲಿ ಆರು ಕಿಲೋಮೀಟರ್ ವ್ಯತ್ಯಾಸ. ನಡುರಾತ್ರಿ ಯಾವುದೋ ಊರಾಚೆ, ಟಾರ್ಚಿನ ಬೆಳಕಿನಲ್ಲಿ ಹಾಳೆ ಹಿಡಿದು, ತಿರುವು ಹಿಂದೆ ಹೋಯಿತೋ ಮುಂದೆ ಬರುವುದೋ ಎಂದು ನಿಂತವರಿಗೆ ಮಿಲಿಮೀಟರಿನ ಬೆಲೆ ಗೊತ್ತು.

ಸೈಕಲ್ ಚಕ್ರವನ್ನು ಇದಕ್ಕಿಂತ ಗಂಭೀರವಾಗಿ ತೆಗೆದುಕೊಂಡವರು ಓಟದ ದಾರಿ ಅಳೆಯುವವರು. 1981ರಲ್ಲಿ ನ್ಯೂಯಾರ್ಕ್ ಮ್ಯಾರಥಾನನ್ನು ಆಲ್ಬರ್ಟೊ ಸಲಜಾರ್ 2 ಗಂಟೆ 8 ನಿಮಿಷ 13 ಸೆಕೆಂಡಿನಲ್ಲಿ ಓಡಿದಾಗ, 1969ರಲ್ಲಿ ಡೆರೆಕ್ ಕ್ಲೇಟನ್ ಮಾಡಿದ್ದ ದಾಖಲೆ ಸುಮಾರು 20 ಸೆಕೆಂಡಿನಿಂದ ಮುರಿಯಿತೆಂದು ಎಲ್ಲರೂ ಸಂಭ್ರಮಿಸಿದರು. ಕೆಲವು ವರ್ಷಗಳ ಮೇಲೆ ದಾರಿಯನ್ನು ಮತ್ತೆ ಅಳೆದರೆ ಸುಮಾರು 150 ಮೀಟರ್ ಕಡಿಮೆಯಿತ್ತು. ಸಲಜಾರನ ವೇಗದಲ್ಲಿ ಅಷ್ಟು ದೂರಕ್ಕೆ 27 ಸೆಕೆಂಡು ಬೇಕು. ದಾಖಲೆ ಹೋಯಿತು.

ಮ್ಯಾರಥಾನ್ ದಾರಿಯನ್ನು ಸೈಕಲ್ಲಿನಿಂದ ಅಳೆಯುವ ಪದ್ಧತಿಯನ್ನು ಬ್ರಿಟನ್ನಿನ ಜಾನ್ ಜೂಯೆಲ್ 1961ರಲ್ಲಿ ವಿವರವಾಗಿ ಬರೆದ. ಅಮೆರಿಕದಲ್ಲಿ ಅದನ್ನು ಬೆಳೆಸಿದವನು 1952ರ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ್ದ ಟೆಡ್ ಕಾರ್ಬಿಟ್. 1971ರಲ್ಲಿ ಅಲನ್ ಜೋನ್ಸ್ ಎಂಬ ಎಂಜಿನಿಯರ್ ತನ್ನ ಮಗ ಕ್ಲೇನ್ ಜೊತೆ ಮುಂಚಕ್ರದ ಅಚ್ಚಿಗೆ ಕೂರುವ ಪುಟ್ಟ ಹಲ್ಲುಗಾಲಿಯ ಎಣಿಕೆ ಯಂತ್ರ ಮಾಡಿದ. ಇದು ಸುತ್ತಿಗೆ ಒಂದಲ್ಲ, ಇಪ್ಪತ್ತು ಎಣಿಸುತ್ತಿತ್ತು; ಈಚಿನವು ಇಪ್ಪತ್ಮೂರೂವರೆಗಿಂತ ಸ್ವಲ್ಪ ಹೆಚ್ಚು ಎಣಿಸುತ್ತವೆ. ಒಂದು ಎಣಿಕೆಗೆ ಹತ್ತಿರ ಹತ್ತಿರ ಒಂಬತ್ತು ಸೆಂಟಿಮೀಟರ್. ಅಂತರರಾಷ್ಟ್ರೀಯ ಮಾನ್ಯತೆ ಇರುವ ಓಟಗಳ ದಾರಿಯನ್ನೆಲ್ಲ, 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಓಟದ್ದನ್ನೂ ಸೇರಿಸಿ, ಅಳೆಯಬೇಕಾದದ್ದು ಇದೇ ಪದ್ಧತಿಯಲ್ಲಿ.

ಈ ಯಂತ್ರದಲ್ಲಿ ಸುತ್ತಳತೆ ತುಂಬುವ ಗುಂಡಿಯೇ ಇಲ್ಲ. ಅಳೆಯುವವರು ಮೊದಲು ನೇರವಾದ ರಸ್ತೆಯಲ್ಲಿ ಕನಿಷ್ಠ 300 ಮೀಟರನ್ನು ಉಕ್ಕಿನ ಟೇಪಿನಿಂದ ಅಳೆದು ಗುರುತು ಹಾಕುತ್ತಾರೆ. ಟೇಪನ್ನು ಗೊತ್ತಾದ ಬಿಗಿಯಲ್ಲಿ ಎಳೆದು ಹಿಡಿಯಬೇಕು, ಬಿಸಿಲಿನ ಲೆಕ್ಕ ಬೇರೆ. ಹತ್ತು ಡಿಗ್ರಿ ಏರಿದರೆ 300 ಮೀಟರಿಗೆ ಉಕ್ಕು ಮೂರೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ಕಂಪನಿ ಸರ್ಕಾರದ ಸರ್ವೆಯವರು ನಮ್ಮ ನಾಡಿನ ದಾರಿಗಳನ್ನು ಪೆರಾಂಬುಲೇಟರ್ ಎಂಬ ಗಾಲಿ ತಳ್ಳಿಕೊಂಡು ಅಳೆಯುತ್ತಿದ್ದ ಕಾಲದಲ್ಲಿ, 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆ ಹಿಡಿಯಲು ಗಾಲಿಯನ್ನು ಬದಿಗಿಟ್ಟು ಉಕ್ಕಿನ ಸರಪಳಿ ತಂದಿದ್ದ. ಇಲ್ಲಿ ಗಾಲಿಯೂ ಇದೆ, ಉಕ್ಕೂ ಇದೆ. ಗುರುತು ಹಾಕಿದ ಆ ತುಂಡಿನ ಮೇಲೆ ಸೈಕಲ್ಲನ್ನು ನಾಲ್ಕು ಸಲ ಓಡಿಸಿ ಎಣಿಕೆ ಬರೆದುಕೊಳ್ಳುತ್ತಾರೆ. ಅದರಿಂದ ಒಂದು ಕಿಲೋಮೀಟರಿಗೆ ಎಷ್ಟು ಎಣಿಕೆ ಎಂದು ಸಿಗುತ್ತದೆ, ಅದಕ್ಕೆ ಸಾವಿರಕ್ಕೊಂದರಂತೆ ಸೇರಿಸುತ್ತಾರೆ. ಮ್ಯಾರಥಾನಿನಲ್ಲಿ ಅದು 42 ಮೀಟರ್. ದಾರಿ ಉದ್ದವಾದರೆ ಚಿಂತೆಯಿಲ್ಲ, ಗಿಡ್ಡವಾಗಬಾರದು. ಆಮೇಲೆ ಓಟದ ದಾರಿಗೆ ಬಂದು, ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ಜಾಡಿನಲ್ಲೇ ತುಳಿಯುತ್ತಾರೆ. ಮುಂದೆ ಪೊಲೀಸ್ ಗಾಡಿ, ಹೊತ್ತು ಇನ್ನೂ ನಸುಕು, ವಾಹನಗಳಿಲ್ಲ.

ಮುಗಿಯುವ ಹೊತ್ತಿಗೆ ಬಿಸಿಲೇರಿರುತ್ತದೆ. ಟೈರು ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ, ಚಕ್ರ ಬೆಳಗಿನದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿರುತ್ತದೆ, ಅದೇ ದೂರಕ್ಕೆ ಎಣಿಕೆ ಕಡಿಮೆ ಬರುತ್ತದೆ. ಅದಕ್ಕೇ ಅವರು ಗಂಟಲು ಒಣಗಿದ್ದರೂ ಮನೆಗೆ ಹೋಗುವಂತಿಲ್ಲ. ಬೆಳಿಗ್ಗೆ ಗುರುತು ಹಾಕಿದ್ದ ಆ 300 ಮೀಟರಿಗೆ ಮರಳಿ, ಅದೇ ಸೈಕಲ್ಲು, ಅದೇ ಸವಾರ, ಅದೇ ಗಾಳಿಯಲ್ಲಿ ಇನ್ನೂ ನಾಲ್ಕು ಸಲ ಓಡಿಸಿ, ಬೆಳಗಿನ ಸಂಖ್ಯೆಯ ಪಕ್ಕದಲ್ಲಿ ಮಧ್ಯಾಹ್ನದ ಸಂಖ್ಯೆಯನ್ನೂ ಬರೆದು, ಎರಡರ ಸರಾಸರಿಯನ್ನು ಆ ದಿನದ ಲೆಕ್ಕಕ್ಕೆ ಹಿಡಿಯುತ್ತಾರೆ. ಮಾರನೆಯ ದಿನ ಇನ್ನೊಂದು ದಾರಿ ಅಳೆಯುವುದಿದ್ದರೆ ಮತ್ತೆ ಮೊದಲಿನಿಂದ.